ಕಿಲ್ನ್‌ನಲ್ಲಿ ಬೆಸೆದ ಗಾಜು: ಚಪ್ಪಟೆ ಹಾಳೆಯಿಂದ ಬಟ್ಟಲಿನವರೆಗೆ

ಗಾಜು ಕರಗಿಸುವುದು ದೊಡ್ಡ ವಿದ್ಯೆಯಲ್ಲ. 800 ಡಿಗ್ರಿ ಸೆಲ್ಸಿಯಸ್ ದಾಟಬಲ್ಲ ಯಾವ ಕಿಲ್ನ್ (ವಿದ್ಯುತ್ ಕುಲುಮೆ) ಆದರೂ ಆ ಕೆಲಸ ಮಾಡಿಕೊಡುತ್ತದೆ. ವಿದ್ಯೆ ಬೇಕಾಗುವುದು ಕರಗಿದ್ದನ್ನು ಒಡೆಯದಂತೆ ತಣಿಸುವುದಕ್ಕೆ. ಒಡೆದ ತುಂಡನ್ನು ಕೈಗೆತ್ತಿಕೊಂಡು ಕಾರಣ ಹುಡುಕಹೊರಟರೆ ಮತ್ತೆ ಮತ್ತೆ ಎರಡೇ ಕಡೆ ಬಂದು ನಿಲ್ಲುತ್ತೇವೆ: ಒಂದಕ್ಕೊಂದು ಹೊಂದದ ಗಾಜುಗಳನ್ನು ಜೋಡಿಸಿರುವುದು, ಇಲ್ಲವೇ ತಣಿಸುವಾಗ ಅವಸರ ಮಾಡಿರುವುದು. ಹಾಗಾಗಿ ಈ ಬರಹದಲ್ಲಿ ಚಿತ್ತಾರಕ್ಕಿಂತ ಆ ಎರಡಕ್ಕೇ ಹೆಚ್ಚು ಜಾಗ.

ಉದಾಹರಣೆಗೆ ಒಂದೇ ಕೆಲಸವನ್ನು ಹಿಡಿದು ಹೋಗೋಣ. 20 ಸೆಂ.ಮೀ. ಉದ್ದಗಲದ ಚೌಕ, 3 ಮಿ.ಮೀ. ದಪ್ಪದ ಗಾಜಿನ ಎರಡು ಪದರ. ಮೊದಲು ಅದನ್ನು ಒಂದೇ ತುಂಡಾಗುವಂತೆ ಬೆಸೆಯುವುದು, ಆಮೇಲೆ ಅಚ್ಚಿನ ಮೇಲಿಟ್ಟು ಆಳವಿಲ್ಲದ ಬಟ್ಟಲಾಗಿ ಬಾಗಿಸುವುದು. ಎರಡೂ ಪದರ ಸೇರಿ ಸುಮಾರು 600 ಗ್ರಾಂ ಗಾಜು ಬೇಕಾಗುತ್ತದೆ.

ಯಾವ ಗಾಜು?

ಎಲ್ಲ ಗಾಜೂ ಕಾದಾಗ ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ. ಎಷ್ಟು ಎಂಬುದು ಗಾಜಿನಿಂದ ಗಾಜಿಗೆ ಬೇರೆ. ಈ ಹಿಗ್ಗುವಿಕೆಯ ಅಳತೆಯನ್ನು ಸಿಒಇ ಎನ್ನುತ್ತಾರೆ. ಫ್ಯೂಸಿಂಗ್‌ಗೆಂದೇ, ಅಂದರೆ ಹೀಗೆ ಬೆಸೆಯಲೆಂದೇ, ತಯಾರಾಗುವ ಗಾಜು ಮುಖ್ಯವಾಗಿ ಎರಡು ಬಗೆ: 90 ಮತ್ತು 96. 90 ಎಂದರೆ ಒಂದು ಡಿಗ್ರಿ ಬಿಸಿಗೆ ತನ್ನ ಉದ್ದದ ಕೋಟಿಯಲ್ಲಿ 90 ಭಾಗದಷ್ಟು ಹಿಗ್ಗುವ ಗಾಜು. ಬುಲ್ಸ್‌ಐ ಗಾಜು 90ರ ಗುಂಪಿನದು, ಸಿಸ್ಟಮ್ 96 ಹೆಸರೇ ಹೇಳುವಂತೆ ಇನ್ನೊಂದು ಗುಂಪಿನದು. 90ಕ್ಕೂ 96ಕ್ಕೂ ಏನು ಮಹಾ ವ್ಯತ್ಯಾಸ ಎನಿಸಬಹುದು. ಲೆಕ್ಕ ಹಾಕಿ ನೋಡಿ: 20 ಸೆಂ.ಮೀ. ಗಾಜು 482 ಡಿಗ್ರಿಯಿಂದ ಕೋಣೆಯ ಬಿಸಿಗೆ ಇಳಿಯುವಾಗ 90ರದ್ದು ಸುಮಾರು 0.82 ಮಿ.ಮೀ. ಕುಗ್ಗುತ್ತದೆ, 96ರದ್ದು ಸುಮಾರು 0.88. ನಡುವಿನ ಅಂತರ ತಲೆಗೂದಲಿನ ದಪ್ಪದಷ್ಟು. ಆದರೆ ಗಟ್ಟಿಯಾದ ಗಾಜಿಗೆ ಅಷ್ಟೂ ಜಗ್ಗುವ ಗುಣ ಇಲ್ಲ. ಒಂದು ಎಳೆಯುತ್ತದೆ, ಇನ್ನೊಂದು ತಡೆಯುತ್ತದೆ, ಕೊನೆಗೆ ಸೀಳುತ್ತದೆ. ಕೆಲವೊಮ್ಮೆ ಕಿಲ್ನ್‌ನಿಂದ ಚೆನ್ನಾಗಿಯೇ ಹೊರಬಂದು, ವಾರಗಟ್ಟಲೆ ಕಪಾಟಿನಲ್ಲಿ ಕೂತು, ಒಂದು ದಿನ ಟಕ್ಕೆಂದು ಒಡೆಯುತ್ತದೆ.

ಇನ್ನೊಂದು ಮಾತು. ಸಿಒಇ ಸಂಖ್ಯೆ ಒಂದೇ ಇದ್ದ ಮಾತ್ರಕ್ಕೆ ಎರಡು ಗಾಜು ಹೊಂದುತ್ತವೆ ಎಂದು ನಂಬಬೇಡಿ. ಆ ಸಂಖ್ಯೆ ಕಡಿಮೆ ಬಿಸಿಯಲ್ಲಿ ಅಳೆದದ್ದು. ಒತ್ತಡ ಹುಟ್ಟುವುದು ಅದಕ್ಕಿಂತ ಮೇಲೆ, ಗಾಜು ಮೆತ್ತಗಿನಿಂದ ಗಟ್ಟಿಗೆ ತಿರುಗುವ ಹಂತದಲ್ಲಿ. ಅಲ್ಲಿ ಗಾಜಿನ ಸ್ನಿಗ್ಧತೆಯೂ ಲೆಕ್ಕಕ್ಕೆ ಬರುತ್ತದೆ. ಒಂದೇ ತಯಾರಕರು ಪರೀಕ್ಷಿಸಿ 'ಹೊಂದುತ್ತದೆ' ಎಂದು ಮಾರುವ ಗಾಜನ್ನೇ ಒಂದು ಕೃತಿಯಲ್ಲಿ ಬಳಸುವುದು ಸುರಕ್ಷಿತ. ಕತ್ತರಿಸಿ ಉಳಿದ ಚೂರುಗಳ ಡಬ್ಬಿಗಳ ಮೇಲೆ ಮೊದಲ ದಿನದಿಂದಲೇ ಚೀಟಿ ಅಂಟಿಸಿ. ಎರಡು ಬಗೆಯ ಚೂರು ಒಮ್ಮೆ ಬೆರೆತರೆ ಕಣ್ಣಿನಿಂದ ಬೇರ್ಪಡಿಸಲು ಆಗದು.

ಕಿಟಕಿ ಗಾಜು, ಬಾಟಲಿ ಗಾಜಿನಲ್ಲೂ ಕೆಲಸ ಮಾಡಬಹುದು. ಆದರೆ ಒಂದೇ ಹಾಳೆಯಿಂದ ಕತ್ತರಿಸಿದ ತುಂಡುಗಳನ್ನೇ ಪರಸ್ಪರ ಬೆಸೆಯಿರಿ. ಬಾಟಲಿಯಾದರೆ ಅದೇ ಬಾಟಲಿಯ ತುಂಡುಗಳನ್ನು. ಕಿಟಕಿ ಗಾಜಿಗೆ ಹೆಚ್ಚು ಬಿಸಿ ಬೇಕು: ಪೂರ್ತಿ ಬೆಸುಗೆಗೆ ಸುಮಾರು 830 ಡಿಗ್ರಿ, ಹದ ಮಾಡಲು (ಒಳಗಿನ ಒತ್ತಡ ಕಳೆಯುವಂತೆ ಬಿಸಿಯಲ್ಲಿ ನಿಲ್ಲಿಸಲು) 540ರಿಂದ 550. ಮೇಲ್ಮೈ ಮಂಕಾಗುವ ಚಾಳಿಯೂ ಅದಕ್ಕೆ ಜಾಸ್ತಿ. ಕಲಿಯುವ ಹಂತದಲ್ಲಿ ಅಗ್ಗವೆಂದು ಅದನ್ನು ಹಿಡಿದರೆ ತಪ್ಪು ನಿಮ್ಮದೋ ಗಾಜಿನದೋ ಗೊತ್ತಾಗುವುದಿಲ್ಲ.

ಅನುಮಾನವಿರುವ ಗಾಜನ್ನು ಪರೀಕ್ಷಿಸುವ ವಿಧಾನ

ಪಾರದರ್ಶಕ ಗಾಜಿನ ಪಟ್ಟಿಯೊಂದನ್ನು ತೆಗೆದುಕೊಳ್ಳಿ. ಅದರ ಮೇಲೆ ಎರಡು ಮೂರು ಸೆಂ.ಮೀ. ಅಂತರದಲ್ಲಿ ಪರೀಕ್ಷಿಸಬೇಕಾದ ಗಾಜುಗಳ ಬೆರಳುಗುರಿನಷ್ಟು ಚೂರುಗಳನ್ನಿಡಿ. ಜೊತೆಗೆ ಅದೇ ಪಾರದರ್ಶಕ ಗಾಜಿನದೂ ಒಂದು ಚೂರಿರಲಿ, ಇದು ಮುಖ್ಯ. ಪೂರ್ತಿ ಬೆಸೆದು, ಹದ ಮಾಡಿ, ತಣಿದ ಮೇಲೆ ಎರಡು ಪೋಲರೈಸಿಂಗ್ ಹಾಳೆಗಳ ನಡುವೆ ಹಿಡಿದು ನೋಡಿ. ಒಂದು ಹಾಳೆಯನ್ನು ತಿರುಗಿಸುತ್ತಾ ಹೋದರೆ ಹಿನ್ನೆಲೆ ಕಪ್ಪಾಗುತ್ತದೆ. ಆಗ ಯಾವ ಚೂರಿನ ಸುತ್ತ ಬೆಳಕಿನ ಬಳೆ ಕಾಣುತ್ತದೋ ಅಲ್ಲಿ ಒತ್ತಡವಿದೆ ಎಂದರ್ಥ. ಪಾರದರ್ಶಕ ಚೂರಿನ ಸುತ್ತಲೂ ಬಳೆ ಕಂಡರೆ ದೋಷ ಗಾಜಿನದ್ದಲ್ಲ, ನೀವು ತಣಿಸಿದ ರೀತಿಯದ್ದು. ಪರೀಕ್ಷೆಯನ್ನೇ ಮತ್ತೆ ಮಾಡಬೇಕು. ಹಾಳೆಗಳಿಲ್ಲದಿದ್ದರೆ ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯನ್ನು ಬಿಳಿ ಮಾಡಿ, ಅದರ ಮುಂದೆ ಗಾಜು ಹಿಡಿದು, ಪೋಲರೈಸ್ಡ್ ತಂಪು ಕನ್ನಡಕವನ್ನು ತಿರುಗಿಸಿ ನೋಡಿದರೂ ಸಾಕು.

ಹಲಗೆಯ ತಯಾರಿ

ಕಾದ ಗಾಜು ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆ. ಹಾಗಾಗಿ ಗಾಜನ್ನಿಡುವ ಕಿಲ್ನ್ ಹಲಗೆಗೆ ಕಿಲ್ನ್ ವಾಶ್ ಲೇಪ ಬೇಕು. ಒಂದು ಅಳತೆ ಪುಡಿಗೆ ಐದು ಅಳತೆ ನೀರು ಬೆರೆಸಿ. ಹಾಲಿಗಿಂತ ದಪ್ಪವಾದರೆ ಬ್ರಷ್ಷಿನ ಗೆರೆಗಳು ಗಾಜಿನ ಅಡಿಯಲ್ಲಿ ಅಚ್ಚೊತ್ತುತ್ತವೆ. ಅಗಲವಾದ ಮೆತ್ತನೆಯ ಬ್ರಷ್ಷಿನಿಂದ ನಾಲ್ಕು ಕೈ ಹಚ್ಚಿ: ಒಂದು ಅಡ್ಡಕ್ಕೆ, ಒಂದು ಉದ್ದಕ್ಕೆ, ಎರಡು ಓರೆಯಾಗಿ. ಪುಡಿ ತಳಕ್ಕೆ ಇಳಿಯುತ್ತಲೇ ಇರುತ್ತದೆ, ಪ್ರತಿ ಸಲ ಬ್ರಷ್ ಅದ್ದುವ ಮುಂಚೆ ಕಲಕಬೇಕು. ಪೂರ್ತಿ ಒಣಗಿದ ಮೇಲೆಯೇ ಗಾಜಿಡಿ. ಅವಸರವಿದ್ದರೆ ಖಾಲಿ ಹಲಗೆಯನ್ನು 260 ಡಿಗ್ರಿಗೆ ಅರ್ಧ ಗಂಟೆ ಕಾಯಿಸಿ.

ಪೂರ್ತಿ ಬೆಸುಗೆಯ ಬಿಸಿ ಕಂಡ ಲೇಪವನ್ನು ಎರಡನೇ ಸಲಕ್ಕೆ ನೆಚ್ಚಬೇಡಿ. ಕೆರೆದು ತೆಗೆದು ಹೊಸದಾಗಿ ಹಚ್ಚಿ. ಬಾಗಿಸುವ ಅಚ್ಚು ಅಷ್ಟು ಬಿಸಿ ಕಾಣುವುದಿಲ್ಲವಾದ್ದರಿಂದ ಅದರ ಲೇಪ ಹಲವು ಸುತ್ತು ಬಾಳುತ್ತದೆ. ಲೇಪದ ಬದಲು ಬಿಸಿ ತಾಳುವ ತೆಳು ಫೈಬರ್ ಕಾಗದವನ್ನೂ ಹಾಸಬಹುದು. ಅಡಿ ನುಣುಪಾಗಿ ಬರುತ್ತದೆ, ಆದರೆ ಒಂದೇ ಸಲಕ್ಕೆ ಪುಡಿಯಾಗುತ್ತದೆ.

ಈ ಪುಡಿಗಳ ಧೂಳು ಶ್ವಾಸಕೋಶಕ್ಕೆ ಕೇಡು. ಕಿಲ್ನ್ ವಾಶ್ ಕೆರೆಯುವಾಗ, ಸುಟ್ಟ ಫೈಬರ್ ಕಾಗದ ತೆಗೆಯುವಾಗ, ಗಾಜಿನ ಹುಡಿ ಜರಡಿ ಹಿಡಿಯುವಾಗ ಎನ್95 ಅಥವಾ ಅದಕ್ಕಿಂತ ಮೇಲಿನ ದರ್ಜೆಯ ಮಾಸ್ಕ್ ಇರಲೇಬೇಕು. ಪೊರಕೆಯಿಂದ ಗುಡಿಸಿದರೆ ಧೂಳು ಗಾಳಿಗೇರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ.

ಹಲಗೆಯನ್ನು ಕಿಲ್ನ್‌ನ ನೆಲಕ್ಕೆ ತಾಗಿಸದೆ ಒಂದೆರಡು ಸೆಂ.ಮೀ. ಎತ್ತರದ ಕಾಲುಗಳ ಮೇಲೆ ಕೂರಿಸಿ. ಮಟ್ಟಗೋಲು ಇಟ್ಟು ನೋಡಿ. ಹಲಗೆ ಓರೆಯಾಗಿದ್ದರೆ ಗಾಜೂ ಓರೆಗೆ ಹರಿಯುತ್ತದೆ.

ಕತ್ತರಿಸುವುದು

ಗಾಜನ್ನು ನಿಜವಾಗಿ ಯಾರೂ ಕತ್ತರಿಸುವುದಿಲ್ಲ. ಗೀರು ಎಳೆದು, ಗೀರಿನ ಗುಂಟ ಮುರಿಯುತ್ತೇವೆ. ಎಣ್ಣೆ ತುಂಬಿದ ಚಕ್ರದ ಕಟರ್ ಹಿಡಿದು, ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ, ನಡುವೆ ನಿಲ್ಲಿಸದೆ, ಒಂದೇ ಒತ್ತಡದಲ್ಲಿ ಎಳೆಯಿರಿ. ಕಿವಿ ಕೊಡಿ: ರೇಷ್ಮೆ ಹರಿದಂಥ ಸಣ್ಣ ಸದ್ದು ಬಂದರೆ ಸರಿ. ಕರಕರ ಎಂದು, ಗೀರಿನ ಬದಿಯಲ್ಲಿ ಬಿಳಿ ಚಕ್ಕೆ ಎದ್ದರೆ ಒತ್ತಡ ಹೆಚ್ಚಾಯಿತು. ಗೀರು ಸರಿಬರಲಿಲ್ಲವೆಂದು ಅದರ ಮೇಲೇ ಮತ್ತೆ ಎಳೆಯಬೇಡಿ. ಗಾಜು ದಾರಿ ತಪ್ಪಿ ಮುರಿಯುತ್ತದೆ, ಕಟರಿನ ಚಕ್ರವೂ ಮೊಂಡಾಗುತ್ತದೆ. ಗೀರೆಳೆದ ಕೂಡಲೇ ರನ್ನಿಂಗ್ ಇಕ್ಕಳದ ನಡುಗೆರೆಯನ್ನು ಗೀರಿಗೆ ಹೊಂದಿಸಿ ಮೆಲ್ಲಗೆ ಅಮುಕಿ. ಗಾಜಿನೊಳಗೆ ಸೀಳು ಓಡುವುದು ಕಣ್ಣಿಗೇ ಕಾಣುತ್ತದೆ. ಕಣ್ಣಿಗೆ ರಕ್ಷಣಾ ಕನ್ನಡಕ ಇಲ್ಲದೆ ಈ ಯಾವ ಕೆಲಸವೂ ಬೇಡ.

ಮುರಿದ ತುಂಡುಗಳಿಗೆ ಅಂಟಿದ ಎಣ್ಣೆ, ಮಾರ್ಕರ್ ಗುರುತು, ಬೆರಳಚ್ಚು ಎಲ್ಲವನ್ನೂ ತೊಳೆದು, ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಎಳೆ ಬಿಡದ ಬಟ್ಟೆಯಿಂದ ಒರೆಸಿ. ಇಲ್ಲಿ ಸೋಮಾರಿತನ ಮಾಡಿದರೆ ಆ ಬೆರಳಚ್ಚು 800 ಡಿಗ್ರಿಯಲ್ಲಿ ಶಾಶ್ವತವಾಗಿ ಉಳಿಯಬಹುದು.

ಜೋಡಿಸುವುದು, ಮತ್ತು 6 ಮಿ.ಮೀ. ನಿಯಮ

ಪೂರ್ತಿ ಕರಗಿದ ಗಾಜು ತನ್ನಷ್ಟಕ್ಕೆ ಸುಮಾರು 6 ಮಿ.ಮೀ. ದಪ್ಪಕ್ಕೆ ಬಂದು ನಿಲ್ಲಲು ನೋಡುತ್ತದೆ. ಒಂದೇ ಪದರ, ಅಂದರೆ 3 ಮಿ.ಮೀ., ಇಟ್ಟರೆ ಅಂಚುಗಳು ಒಳಕ್ಕೆ ಎಳೆದುಕೊಂಡು ಚೌಕದ ಬದಿಗಳು ನಡುವಿನಲ್ಲಿ ಸೊಂಟದಂತೆ ಬಾಗುತ್ತವೆ. ಮೂರು ಪದರ ಇಟ್ಟರೆ ಹೊರಕ್ಕೆ ಹರಡಿ ಆಕಾರ ಕೆಡುತ್ತದೆ. ಎರಡು ಪದರಕ್ಕೆ ಚೌಕ ಚೌಕವಾಗಿಯೇ ಉಳಿಯುತ್ತದೆ. ನಮ್ಮ ಲೆಕ್ಕ ಎರಡು ಪದರದ್ದೇಕೆ ಎಂಬುದು ಇದರಿಂದ.

ಅಡಿಗೆ 20 ಸೆಂ.ಮೀ. ಪಾರದರ್ಶಕ ಚೌಕ. ಅದರ ಮೇಲೆ ಬಣ್ಣದ ಪಟ್ಟಿಗಳನ್ನು ಒಂದಕ್ಕೊಂದು ಒತ್ತಾಗಿ, ಒಟ್ಟು ಅಳತೆ ಅಡಿಯ ಚೌಕಕ್ಕೆ ಸರಿಯಾಗುವಂತೆ ಜೋಡಿಸಿ. ಸಂದುಗಳಲ್ಲಿ ಗಾಜಿನ ಕಾಳು ಉದುರಿಸಬಹುದು. ಹಿಟ್ಟಿನಂಥ ಹುಡಿಯಿಂದ ಹಿಡಿದು ಸಕ್ಕರೆ ಹರಳು, ಅದಕ್ಕಿಂತ ದಪ್ಪದವರೆಗೆ ಹಲವು ಗಾತ್ರಗಳಲ್ಲಿ ಫ್ರಿಟ್ ಹೆಸರಿನಲ್ಲಿ ಅದು ಸಿಗುತ್ತದೆ. ನೂಲಿನಂಥ 1 ಅಥವಾ 2 ಮಿ.ಮೀ. ಕಡ್ಡಿಗಳನ್ನು ಮೇಣದ ಬತ್ತಿಯ ಜ್ವಾಲೆಗೆ ಹಿಡಿದು ಬಾಗಿಸಿ ಗೆರೆಗಳಂತೆ ಇಡಬಹುದು. ಜಾರದಿರಲು ನೀರು ಬೆರೆಸಿದ ಬಿಳಿ ಗೋಂದಿನ ಒಂದೊಂದು ಹನಿ, ಅದೂ ಅಂಚುಗಳಲ್ಲಿ ಮಾತ್ರ. ಗೋಂದು ಹೆಚ್ಚಾದರೆ ಹೊಗೆಗೆ ಹೊರದಾರಿ ಸಿಗದೆ ಬೂದು ಕಲೆ ಉಳಿಯುತ್ತದೆ.

ಬಣ್ಣದ ರಸಾಯನವನ್ನು ಕಡೆಗಣಿಸಬೇಡಿ. ಹಳದಿ, ಕಿತ್ತಳೆ, ಕೆಂಪು ಗಾಜುಗಳಲ್ಲಿ ಹಲವಕ್ಕೆ ಸೆಲೆನಿಯಂ ಅಥವಾ ಗಂಧಕ ಬೆರೆತಿರುತ್ತದೆ. ವೈಡೂರ್ಯದಂಥ ನೀಲಿ ಹಸಿರುಗಳಲ್ಲಿ ತಾಮ್ರ. ಇವೆರಡು ಮೈ ತಾಗಿ ಕಾದರೆ ಗಡಿಯುದ್ದಕ್ಕೂ ಕಂದು ಗೆರೆಯೊಂದು ಮೂಡುತ್ತದೆ. ಬೇಕೆಂದೇ ತಂದುಕೊಂಡರೆ ಅದು ಚೆಂದದ ಅಲಂಕಾರ, ಅರಿಯದೆ ಬಂದರೆ ಕೊಳೆಯಂತೆ ಕಾಣುತ್ತದೆ. ಬೇಡವೆಂದರೆ ನಡುವೆ ಪಾರದರ್ಶಕ ಪಟ್ಟಿ ಇಡಿ. ಚಿನ್ನ ಬೆರೆತ ಗುಲಾಬಿ ಗಾಜಿನದ್ದು ಇನ್ನೊಂದು ಕಣ್ಕಟ್ಟು: ಹಾಳೆಯಾಗಿದ್ದಾಗ ಬಹುತೇಕ ಬಣ್ಣವಿಲ್ಲದಂತಿದ್ದು, ಕಾದ ಮೇಲೆ ಬಣ್ಣ ತೋರಿಸುತ್ತದೆ.

ಪದರಗಳ ನಡುವೆ ತೆಳು ತಾಮ್ರದ ಅಥವಾ ಬೆಳ್ಳಿಯ ರೇಕು ಇಡಬಹುದು. ರೇಕು ಎಂದರೆ ರೇಕೇ. ದಪ್ಪ ತಂತಿ ಇಟ್ಟರೆ ಲೋಹ ಒಂದು ರೀತಿ, ಗಾಜು ಒಂದು ರೀತಿ ಕುಗ್ಗಿ ತಂತಿಯ ಸುತ್ತ ಬಿರುಕು ಏಳುತ್ತದೆ. ಅಲ್ಯೂಮಿನಿಯಂ ಬೇಡ, ಅದು 660 ಡಿಗ್ರಿಗೇ ಕರಗುತ್ತದೆ.

ಮೊದಲ ಸುತ್ತು: ಪೂರ್ತಿ ಬೆಸುಗೆ

90ರ ಗಾಜಿನ ಎರಡು ಪದರಕ್ಕೆ ಕಂಟ್ರೋಲರ್‌ನಲ್ಲಿ ಹಾಕಬೇಕಾದ ಕ್ರಮ ಹೀಗೆ:

1. ಗಂಟೆಗೆ 220 ಡಿಗ್ರಿಯಂತೆ 670 ಡಿಗ್ರಿಗೆ. ಅಲ್ಲಿ 30 ನಿಮಿಷ ನಿಲುಗಡೆ.
2. ಗಂಟೆಗೆ 330ರಂತೆ 805 ಡಿಗ್ರಿಗೆ. 10 ನಿಮಿಷ.
3. ಕಿಲ್ನ್ ಎಷ್ಟು ಬೇಗ ಇಳಿಯುತ್ತದೋ ಅಷ್ಟು ಬೇಗ 482 ಡಿಗ್ರಿಗೆ. 60 ನಿಮಿಷ.
4. ಗಂಟೆಗೆ 55ರಂತೆ 370 ಡಿಗ್ರಿಗೆ.
5. ಕರೆಂಟ್ ಬಂದ್. ಮುಚ್ಚಳ ತೆರೆಯದೆ ಕೋಣೆಯ ಬಿಸಿಗೆ ಬರಲು ಬಿಡಿ.

96ರ ಗಾಜಾದರೆ ಮೇಲ್ಮಟ್ಟ 795ರ ಆಸುಪಾಸು, ಹದದ ನಿಲುಗಡೆ 510ರಲ್ಲಿ.

ಪ್ರತಿ ಸಾಲಿಗೂ ಕಾರಣವಿದೆ. ಮೊದಲ ಏರಿಕೆ ನಿಧಾನ, ಏಕೆಂದರೆ 500 ಡಿಗ್ರಿಯ ಕೆಳಗೆ ಗಾಜು ಗಡುಸು. ಅಂಚು ಕಾದು ನಡು ತಣ್ಣಗಿದ್ದರೆ ಸೀಳುತ್ತದೆ. ಗೋಂದು ಅಥವಾ ಫೈಬರ್ ಕಾಗದ ಇದ್ದಾಗ ಈ ಹಂತದಲ್ಲಿ ಹೊಗೆ ಬರುತ್ತದೆ, ಕೋಣೆಯ ಕಿಟಕಿ ತೆರೆದಿಡಿ. 670ರಲ್ಲಿ ಅರ್ಧ ಗಂಟೆ ನಿಲ್ಲಿಸುವುದು ಗಾಳಿಗಾಗಿ. ಆಗ ಮೇಲಿನ ಪದರ ಮೆತ್ತಗಾಗಿ ಕೆಳಗಿನದರ ಮೇಲೆ ನಿಧಾನ ಕೂರುತ್ತದೆ, ನಡುವಿನ ಗಾಳಿ ಅಂಚಿನಿಂದ ಹೊರಹೋಗುತ್ತದೆ. ಈ ನಿಲುಗಡೆ ಬಿಟ್ಟರೆ ಅಂಚು ಮೊದಲೇ ಮುಚ್ಚಿಕೊಂಡು ಒಳಗೆ ಗುಳ್ಳೆ ಸಿಕ್ಕಿಬೀಳುತ್ತದೆ. 805ರಿಂದ ಕೆಳಕ್ಕೆ ಬೇಗ ಇಳಿಸುವುದು ಮೇಲ್ಮೈ ಮಂಕಾಗದಿರಲಿ ಎಂದು. 700ರಿಂದ 760ರ ನಡುವೆ ಹೆಚ್ಚು ಹೊತ್ತು ನಿಂತ ಗಾಜಿನ ಮೇಲೆ ಹರಳುಗಟ್ಟಿದ ತೆಳು ಪೊರೆ ಮೂಡಬಹುದು.

ಇನ್ನು 482. ಇದೇ ಅನೀಲಿಂಗ್, ಗಾಜನ್ನು ಹದ ಮಾಡುವ ಹಂತ. ಈ ಬಿಸಿಯಲ್ಲಿ ಗಾಜು ನೋಡಲು ಗಟ್ಟಿ, ಆದರೆ ಒಳಗಿನ ಕಣಗಳಿಗೆ ಅಲುಗಾಡಿ ಒತ್ತಡ ಕಳೆದುಕೊಳ್ಳುವಷ್ಟು ಸಡಿಲ ಇನ್ನೂ ಇರುತ್ತದೆ. ಒಂದು ಗಂಟೆಯಲ್ಲಿ ಇಡೀ ತುಂಡು, ಹೊರಮೈ ಒಳಗರ್ಭ ಎರಡೂ, ಒಂದೇ ಬಿಸಿಗೆ ಬರುತ್ತದೆ. ಆಮೇಲೆ 370ರವರೆಗೆ ಇಡೀ ತುಂಡು ಒಟ್ಟಿಗೇ ಇಳಿಯಬೇಕು. ಅದಕ್ಕೇ ಗಂಟೆಗೆ 55 ಡಿಗ್ರಿಯ ಆಮೆನಡಿಗೆ. ದಪ್ಪ ಹೆಚ್ಚಿದಂತೆ ನಿಲುಗಡೆ ಉದ್ದ ಮಾಡಿದರಷ್ಟೇ ಸಾಲದು, ಇಳಿಕೆಯೂ ನಿಧಾನವಾಗಬೇಕು: 12 ಮಿ.ಮೀ.ಗೆ ಎರಡು ಗಂಟೆ ನಿಲುಗಡೆ ಸಾಕು, 25 ಮಿ.ಮೀ.ಗೆ ನಾಲ್ಕು ಗಂಟೆ ನಿಲ್ಲಿಸಿ ಆಮೇಲೆ ಗಂಟೆಗೆ 15 ಡಿಗ್ರಿಯಂತೆ ಇಳಿಸಬೇಕು. ಒಂದೇ ಕೃತಿಯಲ್ಲಿ ದಪ್ಪ ತೆಳು ಎರಡೂ ಇದ್ದರೆ ಅತಿ ದಪ್ಪ ಭಾಗಕ್ಕಿಂತಲೂ ಹೆಚ್ಚಿನ ದಪ್ಪದ ಲೆಕ್ಕ ಹಿಡಿಯಿರಿ.

ಇದಿಷ್ಟಕ್ಕೆ ಸುಮಾರು ಎಂಟು ಗಂಟೆ ಹಿಡಿಯುತ್ತದೆ, ಆಮೇಲೆ ತಾನಾಗಿ ತಣಿಯಲು ಮತ್ತಷ್ಟು. ಸಂಜೆ ಹಚ್ಚಿದರೆ ಮರುದಿನ ಮಧ್ಯಾಹ್ನದ ಮೇಲೆ ತೆರೆಯಿರಿ. 'ಸ್ವಲ್ಪ ಇಣುಕಿ ನೋಡೋಣ' ಎಂಬ ಆಸೆ 200 ಡಿಗ್ರಿ ಇರುವಾಗಲೇ ಹುಟ್ಟುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ. ಅಂಕಿ 50ರ ಕೆಳಗೆ ಬಂದ ಮೇಲೆ ಮುಚ್ಚಳ ಎತ್ತಿದರೆ ಸಾಕು.

ಕೊಟ್ಟ ಅಂಕಿಗಳನ್ನು ನಿಮ್ಮ ಕಿಲ್ನ್‌ಗೆ ಹೊಂದಿಸಿಕೊಳ್ಳಬೇಕು. ಕಿಲ್ನ್‌ನ ಬಿಸಿ ಅಳೆಯುವ ಥರ್ಮೋಕಪಲ್ ತಾನಿರುವ ಜಾಗದ ಗಾಳಿಯ ಬಿಸಿ ಹೇಳುತ್ತದೆ, ಗಾಜಿನದ್ದಲ್ಲ. ಒಂದು ಕಿಲ್ನ್‌ಗೂ ಇನ್ನೊಂದಕ್ಕೂ 10–15 ಡಿಗ್ರಿ ವ್ಯತ್ಯಾಸ ಸಾಮಾನ್ಯ. ಹೊಸ ಕಿಲ್ನ್‌ನಲ್ಲಿ ಮೊದಲು ಹಲಗೆಯ ನಾಲ್ಕು ಮೂಲೆಗೂ ನಡುವಿಗೂ ಎರಡು ಪದರದ ಪುಟ್ಟ ಚೌಕಗಳನ್ನಿಟ್ಟು 745 ಡಿಗ್ರಿಗೆ 10 ನಿಮಿಷ ಕಾಯಿಸಿ, ಎಂದಿನಂತೆ ತಣಿಸಿ. ಪದರಗಳು ಅಂಟಿ, ಅಂಚು ಮಾತ್ರ ದುಂಡಾಗಿದ್ದರೆ ಸರಿ. ಇದಕ್ಕೆ ಟ್ಯಾಕ್ ಫ್ಯೂಸ್ ಎಂದು ಹೆಸರು. ಒಂದು ಮೂಲೆಯದು ಪೂರ್ತಿ ಇಳಿದು ಇನ್ನೊಂದರ ಅಂಚು ಇನ್ನೂ ಚೂಪಾಗಿದ್ದರೆ ಕಿಲ್ನ್‌ನ ಬಿಸಿ ತಣ್ಣನೆ ಜಾಗಗಳ ನಕ್ಷೆ ಸಿಕ್ಕಂತಾಯಿತು.

ಎರಡನೇ ಸುತ್ತು: ಬಾಗಿಸುವುದು

ಬೆಸೆದ ತುಂಡಿನ ಅಂಚಿನಲ್ಲಿ ಸೂಜಿಮೊನೆಯಂಥ ಚೂಪುಗಳಿದ್ದರೆ ವಜ್ರದ ಪುಡಿ ಲೇಪಿಸಿದ ಕೈಪ್ಯಾಡಿನಿಂದ ತಿಕ್ಕಿ ತೆಗೆಯಿರಿ. 120 ಗ್ರಿಟ್‌ನಿಂದ ಶುರು ಮಾಡಿ 200, 400 (ಅಂಕಿ ಹೆಚ್ಚಿದಂತೆ ಪ್ಯಾಡ್ ನುಣುಪು). ಗಾಜೂ ಪ್ಯಾಡೂ ಸದಾ ಒದ್ದೆಯಾಗಿರಲಿ. ತೊಳೆದು, ಒಣಗಿಸಿ.

ಸೆರಾಮಿಕ್ ಅಚ್ಚಿಗೆ ಕಿಲ್ನ್ ವಾಶ್ ಹಚ್ಚಿ. ತಳದ ಗಾಳಿರಂಧ್ರ ಲೇಪದಿಂದ ಮುಚ್ಚಿದ್ದರೆ ಸೂಜಿಯಿಂದ ಬಿಡಿಸಿ, ಇಲ್ಲದಿದ್ದರೆ ಸಿಕ್ಕಿಬಿದ್ದ ಗಾಳಿ ಬಟ್ಟಲಿನ ತಳವನ್ನು ಉಬ್ಬಿಸುತ್ತದೆ. ಅಚ್ಚಿನ ಬಾಯಿಯ ಅಳತೆ ಗಾಜಿನ ಅಳತೆಗೆ ಸರಿಯಿರಲಿ. ಗಾಜು ಹೊರಚಾಚಿದರೆ ಅಂಚು ಸಿಕ್ಕಿಕೊಂಡು ಒಂದು ಬದಿ ಮಾತ್ರ ಜಾರುತ್ತದೆ. ಅಚ್ಚನ್ನೂ ಮಟ್ಟ ನೋಡಿ ಕೂರಿಸಿ.

ಕ್ರಮ: ಗಂಟೆಗೆ 165ರಂತೆ 660ಕ್ಕೆ, 10 ನಿಮಿಷ. ಬೇಗ 482ಕ್ಕೆ, 60 ನಿಮಿಷ. ಗಂಟೆಗೆ 55ರಂತೆ 370ಕ್ಕೆ. ಬಂದ್. ಏರಿಕೆ ಮೊದಲ ಸುತ್ತಿಗಿಂತ ನಿಧಾನ ಏಕೆಂದರೆ ಈಗ ಎರಡು ತೆಳು ಹಾಳೆಗಳ ಬದಲು ಒಂದು ದಪ್ಪ ತುಂಡಿದೆ. ಆಳವಾದ ಅಚ್ಚಿಗೆ 10 ನಿಮಿಷ ಸಾಲದಿದ್ದರೆ ಬಿಸಿ ಏರಿಸುವ ಬದಲು ನಿಲುಗಡೆ ಉದ್ದ ಮಾಡಿ. ಬಿಸಿ ಹೆಚ್ಚಿದರೆ ಅಚ್ಚಿನ ಗುರುತು ಗಾಜಿನ ಅಡಿಗೆ ಇಳಿಯುತ್ತದೆ.

ಅಚ್ಚಿನೊಳಕ್ಕೆ ಇಳಿಸುವುದಾದರೆ ಸೆರಾಮಿಕ್, ಅಚ್ಚಿನ ಮೇಲೆ ಹೊದಿಸುವುದಾದರೆ ಸ್ಟೇನ್‌ಲೆಸ್ ಸ್ಟೀಲ್. ತಣಿಯುವಾಗ ಗಾಜು ಸೆರಾಮಿಕ್‌ಗಿಂತ ಹೆಚ್ಚು ಕುಗ್ಗುತ್ತದೆ. ಒಳಗಿದ್ದರೆ ಸುಲಭವಾಗಿ ಬಿಟ್ಟುಕೊಳ್ಳುತ್ತದೆ, ಹೊರಗೆ ಹೊದೆದಿದ್ದರೆ ಬಿಗಿದುಕೊಂಡು ಒಡೆಯುತ್ತದೆ. ಸ್ಟೀಲ್ ಗಾಜಿಗಿಂತಲೂ ಹೆಚ್ಚು ಕುಗ್ಗುವುದರಿಂದ ತಾನೇ ಒಳಗಿನಿಂದ ಸರಿದುಕೊಳ್ಳುತ್ತದೆ.

ಒಡೆದ ಗಾಜು ಏನು ಹೇಳುತ್ತದೆ

ಎಸೆಯುವ ಮುಂಚೆ ಒಡೆದ ಅಂಚನ್ನು ಬೆಳಕಿಗೆ ಹಿಡಿಯಿರಿ. ಅಂಚು ದುಂಡಗಾಗಿದ್ದರೆ ಬಿಸಿ ಏರುವಾಗ ಒಡೆದದ್ದು. ಆಮೇಲಿನ ಶಾಖ ಅಂಚನ್ನು ನುಣುಪು ಮಾಡಿದೆ. ಮೊದಲ ಏರಿಕೆಯ ವೇಗ ತಗ್ಗಿಸಿ. ಅಂಚು ಕೈ ಕುಯ್ಯುವಷ್ಟು ಚೂಪಾಗಿದ್ದರೆ ಇಳಿಯುವಾಗ ಒಡೆದದ್ದು. ಆಗ ಬಿರುಕಿನ ದಾರಿ ನೋಡಿ. ಎರಡು ಬಣ್ಣಗಳ ಗಡಿಯನ್ನೇ ಅನುಸರಿಸಿದ್ದರೆ ಗಾಜುಗಳು ಹೊಂದಿಲ್ಲ. ಬಣ್ಣಗಳ ಹಂಗಿಲ್ಲದೆ ನಡುವಿನಿಂದ ಹಾದು ತುದಿಯಲ್ಲಿ ಕೊಕ್ಕೆಯಂತೆ ತಿರುಗಿದ್ದರೆ ಹದದ ಸಮಯ ಸಾಲಲಿಲ್ಲ. ಅಡಿಯಲ್ಲಿ ಕಿಲ್ನ್ ವಾಶ್ ಕಚ್ಚಿಕೊಂಡು ಅಲ್ಲಿಂದ ಸೀಳುಗಳು ಎದ್ದಿದ್ದರೆ ಲೇಪ ತೆಳುವಾಗಿತ್ತು, ಇಲ್ಲವೇ ಹಳೆಯದು.

ಹದ ಕೆಟ್ಟು ಒಡೆದದ್ದನ್ನು ಮತ್ತೆ ಬೆಸೆಯಬಹುದು. ಹೊಂದದ ಗಾಜಿನದ್ದನ್ನು ಎಷ್ಟು ಸಲ ಬೆಸೆದರೂ ಅಷ್ಟೇ.

ದೊಡ್ಡ ಗುಳ್ಳೆ ಹಲಗೆಯ ಕಡೆಯಿಂದ ಎದ್ದು ಗಾಜಿನಲ್ಲಿ ತೂತು ಬಿದ್ದಿದ್ದರೆ ಹಲಗೆ ನಡುವಿನಲ್ಲಿ ತಗ್ಗಾಗಿದೆ. ನೇರ ಪಟ್ಟಿ ಅಡ್ಡಲಾಗಿಟ್ಟು ನೋಡಿ. ತಗ್ಗಿದ್ದರೆ ಫೈಬರ್ ಕಾಗದ ಹಾಸಿ, ಅದರ ಎಳೆಗಳ ನಡುವಿನಿಂದ ಗಾಳಿ ಹೊರಹೋಗುತ್ತದೆ. ಅಂಚಿನ ಸೂಜಿಮೊನೆಗಳು ಹೆಚ್ಚಾಗಿದ್ದರೆ ಮೇಲ್ಮಟ್ಟದ ಬಿಸಿಯನ್ನು 5 ಡಿಗ್ರಿ ಇಳಿಸಿ. ಮೇಲ್ಮೈ ಮಂಕಾದ ತುಂಡಿನ ಪೊರೆಯನ್ನು ಒದ್ದೆ ವಜ್ರದ ಪ್ಯಾಡಿನಿಂದ ತಿಕ್ಕಿ, ಪಾರದರ್ಶಕ ಗಾಜಿನ ಹುಡಿಯನ್ನು ತೆಳುವಾಗಿ ಜರಡಿ ಹಿಡಿದು, ಇನ್ನೊಮ್ಮೆ ಪೂರ್ತಿ ಬೆಸುಗೆಯ ಬಿಸಿ ಕೊಡಿ. ಈಗಾಗಲೇ ಬಟ್ಟಲಾಗಿ ಬಾಗಿದ್ದಕ್ಕೆ ಈ ಉಪಾಯ ನಡೆಯದು, 805ರಲ್ಲಿ ಅದು ಮತ್ತೆ ಚಪ್ಪಟೆಯಾಗುತ್ತದೆ. ಹಾಗಾಗಿ ಮಂಕಿದೆಯೇ ಎಂದು ನೋಡಬೇಕಾದದ್ದು ಬಾಗಿಸುವ ಮುಂಚೆ.

ಪ್ರತಿ ಸುತ್ತಿಗೂ ಒಂದು ಪುಟ ಇಡಿ: ಗಾಜಿನ ಹೆಸರು, ಪದರ, ಹಾಕಿದ ಅಂಕಿಗಳು, ಹಲಗೆಯಲ್ಲಿ ಯಾವ ಜಾಗದಲ್ಲಿತ್ತು, ಅಂಚು ಹೇಗೆ ಬಂತು. ಮುಂದಿನ ಸಲ ಬದಲಿಸುವುದಾದರೆ ಒಂದು ಅಂಕಿಯನ್ನು ಮಾತ್ರ ಬದಲಿಸಿ.